ತಾರವ್ವ ಕೆಚ್ಚಿದ ಪುಸ್ತಕ

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ನಮ್ಮ ಓಣಿಯ ತಾರವ್ವ ಕೋಶಕ್ಕಾಗಿಯೇ ದೇಶ ಸುತ್ತಿದವಳು. ಅವಳ ದೇಶವೆಂದರೆ ಮುಧೋಳ, ಬೀಳಗಿ, ಲೋಕಾಪುರ, ತೀರ ಹುಮ್ಮಸ್ಸು ಬಂದರೆ ಗಲಗಲಿ. ಬನಹಟ್ಟಿಯಲ್ಲಿ ನನ್ನ ನಾಲ್ಕು ಪವರ್‌ಲೂಮುಗಳಿಗೆ ಕಂಡಿಕೆ ಸುತ್ತುವುದು, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ ಮಾಡಿಕೊಡುವುದು ಅವಳ ಕೆಲಸ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ದಿನದಿಂದ ನನ್ನ ಲಾಳಿಗಳು ಖಾಲಿ ಕೂತಿವೆ.

ಪುಕ್ಕಟೆ ಬಸ್ಸಿನಲ್ಲಿ ಹೋಗಿ ಪುಕ್ಕಟೆ ಹಳೆ ಪುಸ್ತಕ ತರುವುದು ಅವಳ ಚಟ. ಯಾರಾದರೂ ಮಾಸ್ತರರು ರಿಟೈರ್ ಆದರೆ ಹಾರ ಹಾಕುವವರಿಗಿಂತ ಮುಂಚೆ ಇವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಸತ್ತವರ ಮನೆಗೆ ಮಾತನಾಡಿಸಲು ಹೋದರೂ ಕಣ್ಣೊರೆಸಿಕೊಳ್ಳುತ್ತಲೇ ಕಪಾಟಿನ ಕಡೆ ನೋಡುತ್ತಾಳೆ. ಯಾವ ವಿಷಯದ ಪುಸ್ತಕ ಎಂದು ಕೇಳುವವಳೇ ಅಲ್ಲ. ನಾಲ್ಕನೇ ಇಯತ್ತೆಯ ನಡುವೆಯೇ ಅವಳ ಸಾಲೆ ಬಿಡಿಸಿ ರಾಟೆಗೆ ಕೂರಿಸಿದ್ದರು. ಈಗ ಐವತ್ತೆರಡನೆಯ ವಯಸ್ಸಿಗೆ ತಾನೇ ಮಾಸ್ತರ, ತಾನೇ ವಿದ್ಯಾರ್ಥಿ. ರಾಟೆಯ ಪಕ್ಕ ಪುಸ್ತಕ ತೆರೆದಿಟ್ಟುಕೊಂಡಿರುತ್ತಾಳೆ. ಹೊಸ ಸಂಗತಿ ಸಿಕ್ಕಿತೆಂದರೆ ರಾಟೆ ನಿಲ್ಲಿಸಿ ಒಬ್ಬಳೇ ನಗುತ್ತಾಳೆ. ಅಷ್ಟು ಸುಖ ನಾನು ಹೊಸ ಮಗ್ಗ ತಂದ ದಿನವೂ ಪಟ್ಟಿಲ್ಲ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ತೊಂದರೆ ಏನೆಂದರೆ, ಪುಕ್ಕಟೆ ಪುಸ್ತಕ ಇಡಿಯಾಗಿ ಬರುವುದಿಲ್ಲ. ಒಂದಕ್ಕೆ ತಲೆಯಿಲ್ಲ, ಇನ್ನೊಂದಕ್ಕೆ ಬಾಲವಿಲ್ಲ. ಮಿಕ್ಕಿದ್ದು ಇಲಿಗೋ ಭಜಿ ಅಂಗಡಿಗೋ ಹೋಗಿರುತ್ತದೆ. ತಾರವ್ವ ಇದಕ್ಕೆ ನೇಕಾರರ ಉಪಾಯ ಹೂಡಿದಳು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಅದರ ತುದಿಯ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತೇವೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ತಾರವ್ವ ಪುಸ್ತಕ ಕೆಚ್ಚತೊಡಗಿದಳು. ಪುಟದ ನಂಬರು ಕೂಡಿದರೆ ಸಾಕು, ದಬ್ಬಣ ಹಾಕಿ ಹೊಲಿದುಬಿಡುವುದು.

ಮುಧೋಳದ ದನದ ಡಾಕ್ಟರರೊಬ್ಬರು ಕೊಟ್ಟ ನಾಯಿ ಸಾಕಣೆಯ ಪುಸ್ತಕ ಎಂಬತ್ತೆಂಟನೆಯ ಪುಟಕ್ಕೆ ನಿಂತಿತ್ತು. ಲೋಕಾಪುರದಲ್ಲಿ ಸಿಕ್ಕ ರೇಡಿಯೊ ದುರಸ್ತಿಯ ಪುಸ್ತಕ ಎಂಬತ್ತೊಂಬತ್ತಕ್ಕೆ ಶುರುವಾಗುತ್ತಿತ್ತು. ಎರಡೂ ಕೂಡಿದವು. ಹೀಗಾಗಿ ಅದರಲ್ಲಿ, “ನಾಯಿಯು ಅನ್ನ ಬಿಟ್ಟು ಮೂಲೆ ಸೇರಿದರೆ ಮೊದಲು ಮಾಡಬೇಕಾದುದೆಂದರೆ, ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ಧೂಳು ಊದುವುದು” ಎಂದು ಬರುತ್ತದೆ. ಓಣಿಯ ಕಾಶಪ್ಪನ ನಾಯಿ ಮೂಲೆ ಸೇರಿದಾಗ ತಾರವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸ್ಕ್ರೂ ಕಾಣದೆ, ಬರೀ ಊದಿದಳು. ಸಂಜೆಗೆ ನಾಯಿ ಎರಡು ರೊಟ್ಟಿ ತಿಂದಿತು. ಮರುದಿನ ರಬಕವಿಯಿಂದ ಮೂರು ನಾಯಿಗಳು ಬಂದವು, ಒಂದು ಎಮ್ಮೆಯೂ ಬಂತು.

ಕಳೆದ ತಿಂಗಳು ನನ್ನ ವಾಟ್ಸಾಪಿಗೆ ಒಂದು ಸುದ್ದಿ ಬಂತು. ಜಮಖಂಡಿಯ ಒಂದು ಕಾಲೇಜು ಮೂರು ಖೋಲಿಯ ಹಳೆಯ ಗ್ರಂಥಾಲಯ ತೆರವು ಮಾಡುತ್ತಿದೆ, ಆಸಕ್ತರು ಪುಸ್ತಕಗಳನ್ನು ಉಚಿತವಾಗಿ ಒಯ್ಯಬಹುದು, ಉಳಿದವು ಸಂಜೆ ಐದಕ್ಕೆ ರದ್ದಿ ಲಾರಿಗೆ. ಬುದ್ಧಿಗೇಡಿ ನಾನು, ಗಟ್ಟಿಯಾಗಿ ಓದಿದೆ. ತಾರವ್ವನ ಕೈಯಲ್ಲಿ ನೂಲು ಹರಿಯಿತು. ಮೂರು ಖೋಲಿ ತುಂಬ ಪುಸ್ತಕ, ಅದೂ ಇಡೀ ಇಡೀ ಪುಸ್ತಕ! ನನಗೂ ಅಲ್ಲಿ ಸೀರೆ ಮುಟ್ಟಿಸುವುದಿತ್ತು, ಜೊತೆಗೆ ಹೋದೆ.

ಕಾಲೇಜಿನಲ್ಲಿ ಅವಳಿಗೆ ಒಂದನೇ ನಂಬರಿನ ಟೋಕನ್ ಕೊಟ್ಟು, ಕರೆಯುವ ತನಕ ಕೂರಲು ಹೇಳಿದರು. ಬೇರೆ ಯಾರೂ ಬಂದಿರಲಿಲ್ಲ. ಎರಡು ತಾಸಿನ ಮೇಲೆ ಗ್ರಂಥಪಾಲ ಮಲ್ಲಿನಾಥ ಸರ್ ಹೊರಬಂದು, ಖಾಲಿ ಕಾರಿಡಾರಿನ ಎರಡೂ ತುದಿ ನೋಡಿ, “ಟೋಕನ್ ನಂಬರ್ ಒಂದು!” ಎಂದು ಕೂಗಿದರು. ಆಮೇಲೆ ಅರ್ಜಿ. ಅದರಲ್ಲಿ ‘ವಿಷಯ’ ಎಂಬ ಕಾಲಂ. ಒಂದೇ ವಿಷಯ ಬರೆಯಬೇಕು, ಆ ವಿಷಯದಲ್ಲಿ ಪ್ರಶ್ನೆ ಕೇಳಿ ಅವರು ಅರ್ಹತೆ ನೋಡಬೇಕು. ಆಗಲೇ ನಾಲ್ಕೂವರೆ. ಅಂಗಳದಲ್ಲಿ ರದ್ದಿ ಲಾರಿ ಬಂದು ನಿಂತಿತ್ತು.

“ಯಾವ ವಿಷಯರೀ ನಿಮ್ದು?” ಎಂದರು ಮಲ್ಲಿನಾಥ ಸರ್.

“ಎಲ್ಲಾ ಬೇಕ್ರೀ.”

“ಹಂಗ ಬರೂದಿಲ್ಲ. ಒಂದ ಹೇಳ್ರಿ.”

ತಾರವ್ವ ಬೆವತಳು. “ನಾಯಿ ಮತ್ತ ರೇಡಿಯೋರೀ.”

“ಅವು ಎರಡಾದವಲ್ಲ?”

“ಇಲ್ರೀ, ಒಂದ ಪುಸ್ತಕದಾಗ ಅದಾವ,” ಎಂದು ಚೀಲದಿಂದ ತೆಗೆದುಕೊಟ್ಟಳು.

ಎಂಬತ್ತೆಂಟನೆಯ ಪುಟ ದಾಟಿದ್ದೇ ಅವರು ನಗತೊಡಗಿದರು. ಪಕ್ಕದ ಖೋಲಿಯ ಗುಮಾಸ್ತರನ್ನೆಲ್ಲ ಕರೆದು ಗಟ್ಟಿಯಾಗಿ ಓದಿ ಹೇಳಿದರು. ಅವರೂ ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ. ಆ ನಗುವಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ತಾರವ್ವ ಎಲ್ಲರ ನಗು ಮುಗಿಯುವ ತನಕ ಕಾದಳು. ಆಮೇಲೆ ಹೇಳಿದಳು: “ನಾಯಿಗೆ ಸ್ಕ್ರೂ ಇರೂದಿಲ್ಲಂತ ನನಗೂ ಗೊತ್ತೈತ್ರೀ ಸರ್. ಅರ್ಧಾ ಕೊಟ್ಟವ್ರು ಭಾಳ ಮಂದಿ, ಉಳಿದರ್ಧಾ ಯಾರೂ ಕೊಡಲಿಲ್ಲ. ಸಾಲೀನೂ ಹಂಗ ಆತು. ಅದಕ್ಕ ಸಿಕ್ಕದ್ದು ಕೆಚ್ಚೇನಿ. ಉಳಿದರ್ಧಾ ನಿಮ್ಮ ಖೋಲ್ಯಾಗ ಇದ್ರ ಕೊಡ್ರಿ, ಇಲ್ಲಂದ್ರ ನಗಬ್ಯಾಡ್ರಿ.”

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಮಲ್ಲಿನಾಥ ಸರ್ ಅರ್ಜಿಯನ್ನು ಅವಳ ಕಡೆ ಸರಿಸಿ, ಪೆನ್ನು ಕೊಟ್ಟು, “ನೀವ ಬರೀರಿ ಯವ್ವಾ,” ಎಂದರು. ತಾರವ್ವ ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ದುಂಡಗೆ ತೀಡಿ, ವಿಷಯ ಎಂಬಲ್ಲಿ ‘ಉಳಿದ ಅರ್ಧ’ ಎಂದು ಬರೆದಳು. ಅವರು ಯಾವ ಪ್ರಶ್ನೆಯನ್ನೂ ಕೇಳದೆ ಠಸ್ಸೆ ಒತ್ತಿದರು.

ಮೂರು ಖೋಲಿ ಪುಸ್ತಕ ಬಸ್ಸಿನಲ್ಲಿ ಹೋಗುವುದಿಲ್ಲ. ನಾನು ಅಂಗಳಕ್ಕಿಳಿದು, ರದ್ದಿ ಲಾರಿಯವನಿಗೆ ಬನಹಟ್ಟಿಗೆ ಬರುತ್ತೀಯೇನಪ್ಪಾ ಎಂದು ಕೇಳಿದೆ.