ಅಕ್ಕನ ರೈಲು ಮತ್ತು ಚಕ್ಕುಲಿ ಡಬ್ಬಿ

ಚಕ್ಕುಲಿ ತುಂಬಿಡಲು ಒಂದು ಡಬ್ಬಿ ಬೇಕಿತ್ತು. ಅಟ್ಟದಿಂದ ದೊಡ್ಡ ಸ್ಟೀಲ್ ಡಬ್ಬಿಯೊಂದನ್ನು ಇಳಿಸಿ, ಒರೆಸಿ, ಇನ್ನೇನು ಚಕ್ಕುಲಿ ಜೋಡಿಸಬೇಕು, ಅಷ್ಟರಲ್ಲಿ ಅದರ ಪಕ್ಕೆಯಲ್ಲೊಂದು ತೂತು ಕಂಡಿತು. ಬೆರಳು ತೂರುವಷ್ಟು ದೊಡ್ಡದು, ಅಂಚಿಗೆ ಕಪ್ಪು ಟೇಪು ಅಂಟಿಸಿತ್ತು. ಮೂಗು ಹತ್ತಿರ ಒಯ್ದರೆ ಹಳೆಯ ಜೀರಿಗೆಯ ವಾಸನೆ, ಅದರ ಹಿಂದೆ ಬಿಸಿಯಾದ ವೈರಿನ ವಾಸನೆ. ಮರ್ಯಾದಸ್ಥ ಅಡುಗೆಮನೆಯ ಡಬ್ಬಿಗೆ ಈ ಎರಡೂ ಒಟ್ಟಿಗೆ ಇರುವುದಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಚಕ್ಕುಲಿ ಯಾರಿಗೆಂದು ಹೇಳಿಬಿಡುತ್ತೇನೆ. ನಾಳೆ ಸೂರತ್ತಿನಿಂದ ಶೆಣೈಯವರು ಬರುತ್ತಾರೆ, ನಮ್ಮ ಮನೆಯ ರೈಲನ್ನು ತೆಗೆದುಕೊಂಡು ಹೋಗುತ್ತಾರೆ. ರೈಲು ಎಂದರೆ ಗಾಬರಿಯಾಗಬೇಡಿ. ವಡೋದರಾದ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ, ಕೋಣೆಯಷ್ಟೇ ದೊಡ್ಡದಾದ ಮೇಜಿನ ಮೇಲೆ ಹಳಿ, ಸ್ಟೇಷನ್ನು, ಸೇತುವೆ, ಗೇಣುದ್ದದ ಎಂಜಿನ್ನುಗಳು. ನಮ್ಮವರಿಗೆ ಆ ಕೋಣೆ ಬೇಕು. ನಿಂತಲ್ಲೇ ಓಡುವ ಯಂತ್ರವೊಂದನ್ನು ತಂದಿಟ್ಟು ಹೊಟ್ಟೆ ಕರಗಿಸುತ್ತಾರಂತೆ. ಆ ಹೊಟ್ಟೆಯನ್ನು ಮದುವೆಯಾದಂದಿನಿಂದ ಬಲ್ಲೆ, ಅದು ಯಾರ ಮಾತನ್ನೂ ಕೇಳುವಂಥದ್ದಲ್ಲ.

ರೈಲು ಅಕ್ಕನದು, ಅಂದರೆ ನಮ್ಮವರ ಅಕ್ಕನದು. ಧಾರವಾಡದಿಂದ ನೌಕರಿಗೆಂದು ಬಂದು, ಗುಜರಾತಿನ ಸಣ್ಣ ಸಣ್ಣ ಊರುಗಳಲ್ಲಿ ಸ್ಟೇಷನ್ ಮಾಸ್ಟರ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ನಮ್ಮೊಡನೆ ಇರಲು ಬಂದಿದ್ದಳು. ಮುಂದಿನ ಸ್ಟೇಷನ್ನಿನವರು ದಾರಿ ಖಾಲಿಯಿದೆ, ಕಳಿಸಿ ಎಂದು ಒಪ್ಪಿಗೆ ಕೊಡದೆ ಗಾಡಿ ಹೊರಡುವಂತಿಲ್ಲ. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಅಕ್ಕ ಅದನ್ನು ಮನೆಯಲ್ಲೂ ಜಾರಿಗೆ ತಂದಿದ್ದಳು. ಅವಳು ಉಣ್ಣುತ್ತಿರುವಾಗ ನಾನು ಸಾರಿನ ಪಾತ್ರೆ ಹಿಡಿದು ಬಂದರೆ ಕೈ ಅಡ್ಡ ಮಾಡಿ, "ಲೈನ್ ಕ್ಲಿಯರ್ ಇಲ್ಲ. ಇನ್ನೂ ಪಲ್ಯಾ ಅದ ಎಲಿಯೊಳಗ," ಎನ್ನುವಳು.

ಆಮೇಲೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಮೇಜಿನ ಸುತ್ತ ತಿರುಗಾಡಿ ಗುಂಡಿ ಒತ್ತುವುದು ಮುಗಿಯಿತು. ನಮ್ಮವರು, "ಸಾಕಲ್ಲಕ್ಕಾ ಈ ಆಟ," ಎಂದರು. ಅವಳು ಎಡಗೈಯಲ್ಲೇ ಮೊಬೈಲು ತಡಕಿ ವೈರಿಲ್ಲದ ರಿಮೋಟು ತರಿಸಿಕೊಂಡಳು. ಕಿಟಕಿಯ ಪಕ್ಕದ ಕುರ್ಚಿಯಿಂದ ಎಡಗೈ ಹೆಬ್ಬೆರಳಲ್ಲಿ ಇಡೀ ರೈಲ್ವೆ ನಡೆಸತೊಡಗಿದಳು. ರಿಮೋಟಿನ ಮಾತನ್ನು ಗಾಳಿಯಲ್ಲಿ ಹಿಡಿಯಲು ಮೇಜಿನ ಮೂಲೆಯಲ್ಲೊಂದು ರಿಸೀವರ್. ಅದು ಹಳಿಗೆ ಹೇಳುತ್ತದೆ, ಹಳಿಯಿಂದ ಎಂಜಿನ್ನು ಕೇಳಿಸಿಕೊಳ್ಳುತ್ತದೆ. ರಿಸೀವರಿಗೆ ಧೂಳು ಕೂರಬಾರದು, ಹಲ್ಲಿ ಹೊಗಬಾರದು. ನಮ್ಮ ಮನೆಗಳಲ್ಲಿ ಬೆಲೆಯುಳ್ಳದ್ದನ್ನೆಲ್ಲ ಎಲ್ಲಿಡುತ್ತೇವೆ ಹೇಳಿ? ಸ್ಟೀಲ್ ಡಬ್ಬಿಯಲ್ಲಿ. ಪಕ್ಕೆಗೆ ತೂತು ಕೊರೆಸಿ, ವೈರು ತೂರಿಸಿ, ನನ್ನ ಚಕ್ಕುಲಿ ಡಬ್ಬಿಯಲ್ಲೇ ಅದನ್ನು ಕೂರಿಸಿದಳು. ಬಿಸಿಯಾಗುತ್ತದೆಂದು ದಿನಾ ಮುಚ್ಚಳ ತೆಗೆದಿಡುತ್ತಿದ್ದಳು.

ಚೆನ್ನಾಗಿಯೇ ಓಡುತ್ತಿತ್ತು, ಯಾರಾದರೂ ನೋಡಲು ಬರುವ ತನಕ. ನಮ್ಮವರ ಆಫೀಸಿನವರು ಚಹಕ್ಕೆ ಬಂದ ದಿನ ಗಾಡಿಗೆ ಹೊರಡು ಎಂದದ್ದು ಕೇಳಿಸಿತು, ನಿಲ್ಲು ಎಂದದ್ದು ಕೇಳಿಸಲಿಲ್ಲ. ಸಂಪರ್ಕ ತಪ್ಪಿದರೆ ಈ ಎಂಜಿನ್ನುಗಳು ಕೊನೆಗೆ ಕೇಳಿದ ಮಾತನ್ನೇ ಹಿಡಿದು ಓಡುತ್ತವೆ. ಇದು ಸ್ಟೇಷನ್ ದಾಟಿ, ತಿರುವಿನಲ್ಲಿ ಹಾರಿ, ಸಾಹೇಬರ ಢೋಕಳಾ ತಟ್ಟೆಯಲ್ಲಿ ಮೂಗು ಊರಿತು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಸೆರಗಿನ ಕೆಳಗೆ ಅಡಗಿಸಿಟ್ಟಿದ್ದ ಬಲಗೈಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಬಂದವರೊಬ್ಬರು, "ಪಾಪ, ಕೈ ನಡುಗಿರಬೇಕು," ಎಂದಾಗ ನನಗೆ ಅವರ ತಟ್ಟೆಯನ್ನು ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು.

ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲವೂ. ನಾವು ಮಾಡದ ಚಿಕಿತ್ಸೆಯಿಲ್ಲ. ರಿಮೋಟಿನ ಸೆಲ್ಲು ಬದಲಿಸಿದೆವು. ಹಳಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ. ಅಕ್ಕಪಕ್ಕದ ಮನೆಗಳ ವೈಫೈ ಅಡ್ಡ ಬರುತ್ತದೆಂದು ಚಾನೆಲ್ ಬದಲಿಸಿದೆವು. ಬಂದವರ ಜೇಬಿನ ಮೊಬೈಲುಗಳದೇ ಕಿತಾಪತಿ ಎಂದು ನಮ್ಮವರು ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತರು. ಮೊಬೈಲೆಲ್ಲ ಬುಟ್ಟಿಗೆ ಬಿದ್ದರೂ ಗಾಡಿ ನಿಲ್ಲಲಿಲ್ಲ. ಕೊನೆಗೆ ಅವರೇ ಬೇಸತ್ತು, "ಸೂರತ್ತಿನ ಶೆಣೈಯವರು ಕೇಳ್ಯಾರ. ದೀಪಾವಳಿ ಮುಗಿದ ಮ್ಯಾಲೆ ಬಂದು ನೋಡ್ತಾರ, ಒಯ್ತಾರ. ನಿನ್ನ ಕೈಲೆ ಇನ್ನ ಆಗೂದಿಲ್ಲಕ್ಕಾ," ಎಂದರು. ಆ ಕೊನೆಯ ಮಾತು ಎಷ್ಟು ಒಳಗೆ ಇಳಿಯಿತೆಂದು ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಅಕ್ಕ ಅಂದು ಊಟ ಬಿಟ್ಟಳು.

ಮರುದಿನ ಬೆಳಿಗ್ಗೆ ನನ್ನನ್ನು ಕರೆದಳು. "ಏ ಹುಡುಗಿ," ಎಂದಳು. ಅರವತ್ತರ ನನ್ನನ್ನು ಹುಡುಗಿ ಎನ್ನುತ್ತಿದ್ದವಳು ಅವಳೊಬ್ಬಳೇ. "ಬರೇ ನಾವಿದ್ದಾಗ ಓಡ್ತದ, ಮಂದಿ ಬಂದ್ರ ಕೆಡ್ತದ. ಮಂದಿ ಬಂದಾಗ ನಾವು ಏನೇನು ಮಾಡ್ತೀವಿ, ಅದನ್ನೆಲ್ಲಾ ಇವತ್ತ ಮಾಡು. ಮಂದೀನಷ್ಟ ಕರೀಬ್ಯಾಡ."

ನೀವೇ ಯೋಚಿಸಿ, ಯಾರೂ ಬರದ ಮನೆಯಲ್ಲಿ ನಾನು ಬೆಳ್ಳಂಬೆಳಿಗ್ಗೆ ಉಪಚಾರಕ್ಕೆ ನಿಂತೆ. ಮೇಜು ಒರೆಸಿದೆ, ಊದುಬತ್ತಿ ಹಚ್ಚಿದೆ, ಹೂದಾನಿ ಇಟ್ಟೆ, ಫ್ಯಾನು ಜೋರು ಮಾಡಿದೆ. ಖಾಲಿ ಕುರ್ಚಿಗಳಿಗೆ ಚಹ ಕೂಡ ಇಟ್ಟೆ. ಅಕ್ಕ ಸೀರೆ ಬದಲಿಸಿ ಬಂದು, ಡಬ್ಬಿಯ ಮುಚ್ಚಳ ಒತ್ತಿ, ಕುರ್ಚಿಯಲ್ಲಿ ಕೂತು, ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಗುಂಡಿ ಒತ್ತಿದಳು. ಗಾಡಿ ಹೊರಟಿತು. ನಿಲ್ಲು ಎಂದಳು. ನಿಲ್ಲಲಿಲ್ಲ! ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಣಿದೆ. ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಜೀವನದಲ್ಲಿ ಅದೇ ಮೊದಲು.

"ಈಗ ಒಂದೊಂದ ತಗಿ. ಎರಡು ಕೂಡಿ ತಗೀಬ್ಯಾಡ," ಎಂದಳು. ಚಹ ತೆಗೆದೆ, ಹೂದಾನಿ ತೆಗೆದೆ, ಫ್ಯಾನು ಆರಿಸಿದೆ. ಗಾಡಿ ಕಿವುಡಾಗಿಯೇ ಇತ್ತು. ಡಬ್ಬಿಯ ಮುಚ್ಚಳ ತೆಗೆದೆ. ನಿಲ್ಲು ಎಂದಳು, ನಿಂತಿತು. ಮುಚ್ಚಿದೆ, ಓಡಿತು. ತೆಗೆದೆ, ನಿಂತಿತು. ಉಕ್ಕಿನ ಡಬ್ಬಿಯೊಳಗೆ ಬಾಗಿಲು ಹಾಕಿಕೊಂಡು ಕೂತ ರಿಸೀವರಿಗೆ ಪಾಪ, ಅರ್ಧ ಮಾತು ಆ ತೂತಿನಿಂದ ಕೇಳುತ್ತಿತ್ತು, ಅರ್ಧ ಕೇಳುತ್ತಿರಲಿಲ್ಲ.

ಅಕ್ಕ ಬಹಳ ಹೊತ್ತು ನಕ್ಕಳು. "ಜನ್ಮಾ ಪೂರ್ತಿ ಇದ ಮಾಡೇನಿ ನೋಡು. ಇನ್‌ಸ್ಪೆಕ್ಷನ್‌ಗೆ ಸಾಹೇಬ ಬರ್ತಾನಂದ್ರ ಎಲ್ಲಾ ಮುಚ್ಚು, ಎಲ್ಲಾ ಚಂದ ಕಾಣಸು. ಮುಚ್ಚಿ ಮುಚ್ಚಿನ ಕೆಡಿಸಿದೆ." ಆಮೇಲೆ ತನ್ನ ಸೆರಗಿನ ಕಡೆ ನೋಡಿಕೊಂಡಳು.

ಶೆಣೈಯವರು ಬಂದ ದಿನ ನಾನು ಹೂದಾನಿ ಹಿಡಿದು ಹೋದರೆ, "ಏನೂ ಇಡಬ್ಯಾಡ," ಎಂದಳು. ಡಬ್ಬಿ ತೆರೆದಿತ್ತು, ವೈರುಗಳು ಕರುಳಿನ ಹಾಗೆ ಹೊರಬಿದ್ದಿದ್ದವು. ಅಕ್ಕ ಮನೆಯ ಹಳೆ ಸೀರೆಯಲ್ಲೇ ಕೂತಿದ್ದಳು. ಮಡಚಿಕೊಂಡ ಬಲಗೈ ಎಲ್ಲರೆದುರು ತೊಡೆಯ ಮೇಲಿತ್ತು. ಗಾಡಿ ಸೇತುವೆ ದಾಟಿ, ತಿರುವು ಸುತ್ತಿ, ಬೆಣ್ಣೆಯಲ್ಲಿ ಕೂದಲೆಳೆದಂತೆ ಬಂದು ಸ್ಟೇಷನ್ನಿನಲ್ಲಿ ನಿಂತಿತು. ಶೆಣೈಯವರು ಕರಾವಳಿಯವರು, ಮನಸಾರೆ ಮೆಚ್ಚುವವರು. "ಭಾರೀ ಚಂದ ಉಂಟು ಮಾರಾಯ್ರೆ! ಯಾವಾಗ ತಗೊಂಡು ಹೋಗ್ಲಿ?" ಎಂದರು.

ಅಕ್ಕ ಎಡಗೈಯಿಂದ ಸಿಗ್ನಲ್ಲಿನ ಗುಂಡಿ ಒತ್ತಿದಳು. ಪುಟ್ಟ ಕೆಂಪು ದೀಪ ಹೊತ್ತಿತು. "ಸೂರತ್ತಿಗೆ ಲೈನ್ ಕ್ಲಿಯರ್ ಇಲ್ರಿ," ಎಂದಳು. ನಮ್ಮವರು ತಮ್ಮ ಚಹದೊಳಗೆ ಏನನ್ನೋ ಹುಡುಕತೊಡಗಿದರು.

ಅಕ್ಕ ಹೋದ ಮೇಲೆ ರಿಸೀವರ್ ಬಿಚ್ಚಿಟ್ಟು ಮೇಜಿಗೆ ಚಾದರ ಹೊದಿಸಿದೆವು, ಖಾಲಿ ಡಬ್ಬಿ ಅಟ್ಟಕ್ಕೆ ಹೋಯಿತು. ಶೆಣೈಯವರು ಮತ್ತೆ ಕೇಳಿದಾಗ, ಗಾಡಿಯೂ ಹೋಗಲಿ ಎಂದು ನಾನೂ ತಲೆಯಾಡಿಸಿದ್ದೆ, ಯಾಕೆಂದರೆ ಆ ಕೋಣೆಗೆ ಕಾಲಿಟ್ಟರೆ ಅಳು ಬರುತ್ತಿತ್ತು.

ಈಗ ಎದ್ದು ಹೋಗಿ ಚಾದರ ಎಳೆದೆ. ಹಳಿ ಉಜ್ಜಿದೆ, ರಿಮೋಟಿಗೆ ಸೆಲ್ಲು ಹಾಕಿದೆ, ರಿಸೀವರನ್ನು ಡಬ್ಬಿಯಲ್ಲಿ ಅದರ ಜಾಗಕ್ಕೆ ಕೂರಿಸಿ ಸ್ವಿಚ್ಚು ಹಾಕಿದೆ. ಮೊದಲ ಸಲಕ್ಕೆ ಗಾಡಿ ಮಿಸುಕಲಿಲ್ಲ. ಒಂದೊಂದನ್ನೇ ನೋಡುತ್ತ ಬಂದೆ. ಸೆಲ್ಲನ್ನು ತಿರುಗುಮುರುಗಾಗಿ ಹಾಕಿದ್ದೆ. ಸರಿ ಮಾಡಿದೆ. ಹೊರಟಿತು. ಕಣ್ಣೀರು ಬಂತು, ಒರೆಸಲು ಕೈ ಖಾಲಿಯಿರಲಿಲ್ಲ.

ಸದ್ದಿಗೆ ನಮ್ಮವರು ಬಾಗಿಲಿಗೆ ಬಂದರು, ಕೈಯಲ್ಲಿ ಮೊಬೈಲು. "ಶೆಣೈಯವರು ಲೈನಿನ್ಯಾಗ ಇದ್ದಾರ. ನಾಳೆ ಎಷ್ಟೊತ್ತಿಗೆ ಬರ್ಲಿ ಅಂತ ಕೇಳ್ಲಿಕತ್ತಾರ," ಎಂದರು.

ನಾನು ಅಕ್ಕನ ಕುರ್ಚಿಯಲ್ಲಿ ಕೂತಿದ್ದೆ. "ಬರ್ಲಿ, ಚಕ್ಕುಲಿ ತಿಂದು ಹೋಗ್ಲಿ," ಎಂದೆ. ಆಮೇಲೆ ಕೆಂಪು ದೀಪದ ಗುಂಡಿ ಒತ್ತಿದೆ.