ಬಂಡೆಯ ಮೇಲೆ ಹೆಣ್ಣಿನ ಅಪ್ಪ

ಹೊಳೆಯ ನಡುವೆ ಒಂದು ಬಂಡೆ. ಬಂಡೆಯ ಮೇಲೆ ಮೂರು ಜನ. ಅವರ ಹರಿಗೋಲು ಮಾತ್ರ ದಡದ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಬೋರಲು ಬಿದ್ದಿದೆ. ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸುತ್ತದಲ್ಲವೇ?

ಆಗಿತ್ತು. ಹೋದ ವರ್ಷದ ಮಾಗಿಯಲ್ಲಿ, ಸತ್ತೇಗಾಲದಿಂದ ಕೆಳಗೆ, ಕಾವೇರಿಯಲ್ಲಿ. ಮೂವರಲ್ಲಿ ಒಬ್ಬ ನಾನು. ಇನ್ನೊಬ್ಬ ಹೊಳೆ ದಂಡೆಯಲ್ಲೇ ಬಲೆ ಬೀಸಿ ಬದುಕುವ ಪಳನಿ. ಮೂರನೆಯವರು ಯಳಂದೂರು ಕಡೆಯ ಜಮೀನುದಾರರು, ನನ್ನ ಹಳೆಯ ಸ್ನೇಹಿತರು, ಗುರುಮಲ್ಲಪ್ಪನವರು. ಅವರ ಹಿರಿಮಗಳು ಪಾರ್ವತಿಯನ್ನು ನೋಡಲು ಅದೇ ದಿನ ಮಧ್ಯಾಹ್ನ ಕೌದಳ್ಳಿಯಿಂದ ಗಂಡಿನ ಕಡೆಯವರು ಬರುವವರಿದ್ದರು!

"ಅವರು ಬರೋಕ್ ಮುಂಚೇನೆ ಮನೇಲಿರ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದರು.

ಗುರುಮಲ್ಲಪ್ಪನವರದು ಕಟ್ಟುನಿಟ್ಟಿನ ಶೈವರ ಮನೆ. ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಿದ್ದಿಲ್ಲ. ಆದರೆ ಯಜಮಾನರಿಗೆ ಗಾಳ ಕಂಡರೆ ಪ್ರಾಣ. ಮೀನು ಹಿಡಿಯುತ್ತಾರೆ, ಮಗುವಿನ ಬೆನ್ನು ಸವರುವಂತೆ ಸವರುತ್ತಾರೆ, ಮತ್ತೆ ನೀರಿಗೆ ಬಿಡುತ್ತಾರೆ. "ಇಡಿಯಾದು ಪಾಪ ಅಲ್ಲ ಕಣಯ್ಯಾ, ಉಪ್ಪು ಕಾರ ಆಕಾದು ಪಾಪ" ಎಂಬುದು ಅವರ ಸಿದ್ಧಾಂತ. (ಕೊಳ್ಳೇಗಾಲದ ನೇಯ್ಗೆಯ ಮನೆಯವನಾದ ನನಗೆ ಎರಡೂ ಪಾಪವಲ್ಲ. ಅವರು ಬಿಟ್ಟಾಗಲೆಲ್ಲ ನನಗೆ ಹೊಟ್ಟೆ ಉರಿ.)

ಇಂಗ್ಲಿಷ್ ದೊರೆಗಳು ನೀಲಗಿರಿಯ ತೊರೆಗಳಿಗೆ ಟ್ರೌಟ್ ಎಂಬ ಮೀನು ತಂದು ಬಿಟ್ಟು, ಅದಕ್ಕೆ ರೆಕ್ಕೆಪುಕ್ಕದ ಹುಳ ಮಾಡಿ ತೋರಿಸಿ ಮೋಸ ಮಾಡುತ್ತಿದ್ದರಂತೆ. ನಮ್ಮ ಕಾವೇರಿಯ ದೊಡ್ಡ ಬಿಳಿಮೀನಿಗೆ ಆ ನಾಟಕವೆಲ್ಲ ನಡೆಯುವುದಿಲ್ಲ. ಅದಕ್ಕೆ ರಾಗಿಮುದ್ದೆಯೇ ಆಗಬೇಕು. ನಮ್ಮ ಸೀಮೆಯ ಮೀನಲ್ಲವೇ?

ಆ ಮುದ್ದೆಯದೇ ಗುರುಮಲ್ಲಪ್ಪನವರಿಗೆ ತಾಪತ್ರಯ. ಅವರ ಹೆಂಡತಿ ಗೌರಮ್ಮ ಗಾಳಕ್ಕೆ ಮುದ್ದೆ ಕೊಡುವವರಲ್ಲ. "ನನ್ ಒಲೆ ಮುದ್ದೆ ಉಣ್ಣೋರ್ಗೆ. ಜೀವ ಇಡಿಯೋಕಲ್ಲ" ಎಂದು ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದರಂತೆ. ಆದ್ದರಿಂದ ಊರಿನ ದೊಡ್ಡ ಮನುಷ್ಯರು ಬೆಳಿಗ್ಗೆ ಊಟಕ್ಕೆ ಕೂತು, ತಟ್ಟೆಯ ಮುದ್ದೆಯಲ್ಲಿ ಅರ್ಧವನ್ನು ಟವೆಲ್ಲಿನಲ್ಲಿ ಬಚ್ಚಿಟ್ಟುಕೊಂಡು ಬರಬೇಕು. ದಾರ ನನ್ನದು. ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗಳನ್ನು ಸೇರಿಸಿ ಹುರಿ ಮಾಡಿದ್ದು. ಪೇಟೆಯ ನೈಲಾನು ಅದರ ಮುಂದೆ ಏನೂ ಅಲ್ಲ ಎಂದು ನನ್ನ ಜಂಬ.

ಮಾಗಿಯಲ್ಲಿ ಹೊಳೆ ಸೊರಗುತ್ತದೆ. ಮೇಲೆ ಅಣೆಕಟ್ಟೆಯಲ್ಲಿ ನೀರು ತಡೆದರಂತೂ ಬರೀ ಕಲ್ಲು. ಮೀನುಗಳೆಲ್ಲ ಆಳದ ಮಡುಗಳಿಗೆ ಸೇರಿಕೊಳ್ಳುತ್ತವೆ. ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ನಡುಬಂಡೆಗೆ ನಡೆದೇ ಹೋಗಬಹುದು. ಪಂಚೆಯ ಅಂಚೂ ನೆನೆಯುವುದಿಲ್ಲ.

"ಹರಿಗೋಲು ಬೇಡ್ವೇನೋ ಪಳನಿ?" ಎಂದೆ.

"ಕೋಳಿ ದಾಟೋ ನೀರ್ಗೆ ಅರಿಗೋಲಾ ಸಾ?"

"ಮೇಲಿಂದ ನೀರು ಬಿಟ್ರೆ?"

"ಇವತ್ತು ಬಾನ್ವಾರ ಅಲ್ವಾ ಸಾ? ಆಪೀಸ್ನೋರೆಲ್ಲ ಮನೇಲಿ ಮನಗವ್ರೆ. ಯಾರ್ ಬುಡ್ತಾರೆ?"

ನಮಗೂ ಸರಿ ಎನ್ನಿಸಿತು. ಸರ್ಕಾರಕ್ಕೆ ರಜೆಯಿದ್ದರೆ ಹೊಳೆಗೂ ರಜೆ ಇರಬಾರದೇ?

ಬಿಸಿಲೇರಿತು. ಒಂದು ಮೀನೂ ಮೂಸಲಿಲ್ಲ. ಇನ್ನು ಹೊರಟರೆ ಬಸ್ಸಿಗೆ ಸರಿಹೋಗುತ್ತದೆ ಎಂದು ಗುರುಮಲ್ಲಪ್ಪನವರು ಎದ್ದರು. ಎದ್ದವರು, "ಇನ್ನೊಂದೇ ಉಂಡೆ ಕಣಯ್ಯಾ" ಎಂದು ಕೊನೆಯದಾಗಿ ಒಮ್ಮೆ ಗಾಳ ಎಸೆದರು.

ದಾರ ಸರ್ರನೆ ಹೋಯಿತು!

ಎತ್ತು ಎಳೆದಂತೆ ಎಳೆಯಿತು. ಮಡುವಿನ ತಿಳಿನೀರಲ್ಲಿ ಒಮ್ಮೆ ಹೊರಳಿದಾಗ ತಟ್ಟೆಯಗಲದ ಹುರುಪೆಗಳು ಮಿಂಚಿದವು. (ತಟ್ಟೆ ಎಂದರೆ ತೀರಾ ಊಟದ ತಟ್ಟೆಯಲ್ಲ. ಮೀನು ಹಿಡಿಯುವವರ ಮಾತಿನಲ್ಲಿ ಸ್ವಲ್ಪ ಕಳೆದುಕೊಳ್ಳಿ.) ಅಷ್ಟರಲ್ಲಿ ಪಳನಿ ದಡದ ಕಡೆ ನೋಡಿದ. ನಾವು ಹೆಜ್ಜೆಯಿಟ್ಟು ಬಂದ ಕಲ್ಲುಗಳಲ್ಲಿ ಒಂದು ಕಾಣಿಸಲಿಲ್ಲ.

"ಐಯೋ ಸಾಮಿ, ತಣ್ಣಿ ಬುಟ್ಟವ್ರೆ! ಎದ್ದೇಳಿ!"

"ತಡ್ಕಳ್ಲಾ!"

"ದಾರ ಕುಯ್ದಾಕಿ ಸಾಮಿ! ಇನ್ನೊಂದ್ ಗಳಿಗೆ ಕುಂತ್ರೆ ಇಲ್ಲೇ ಕುಂತಂಗೆ!"

"ಇಂತಾ ಮೀನ ನಮ್ಮಪ್ಪನೂ ಕಂಡಿಲ್ಲ ಕಣ್ಲಾ!"

"ಯಜಮಾನ್ರೇ, ಕೌದಳ್ಳಿಯವರು ಬರ್ತಿದ್ದಾರೆ" ಎಂದೆ ನಾನು.

ಗುರುಮಲ್ಲಪ್ಪನವರು ಒಮ್ಮೆ ನನ್ನ ಮುಖ ನೋಡಿದರು. ಒಮ್ಮೆ ದಾರ ನೋಡಿದರು. ದಾರವನ್ನೇ ಆರಿಸಿಕೊಂಡರು.

ಹೊಸನೀರು ಸಿಕ್ಕಿದ ಮೀನು ಬಂಡೆಯನ್ನು ಒಂದು ಸುತ್ತು ಹಾಕಿತು. ಕಲ್ಲಿನ ಚೂಪಿಗೆ ಉಜ್ಜಿದ ನನ್ನ ರೇಷ್ಮೆ ದಾರ ಪಟ್ಟೆಂದಿತು. ತಿರುಗಿ ನೋಡಿದರೆ ನಮಗೂ ದಡಕ್ಕೂ ನಡುವೆ ಒಂದು ಕಲ್ಲೂ ಇಲ್ಲ. ಮೀನೂ ಹೋಯಿತು, ದಾರಿಯೂ ಹೋಯಿತು.

ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ಹಿಂದೆಲ್ಲ ಹೊಳೆ ಏರುವುದಾದರೆ ಮುಗಿಲು ಹೇಳುತ್ತಿತ್ತು, ಗಾಳಿ ಹೇಳುತ್ತಿತ್ತು. ಈಗ ಎಲ್ಲೋ ಯಾರದೋ ಮನೆಯಲ್ಲಿ ದೀಪ ಉರಿಯಬೇಕೆಂದರೆ ಇಲ್ಲಿ ನಮ್ಮ ಕಾಲು ನೆನೆಯುತ್ತದೆ. ಯಾರನ್ನು ಬೈಯುವುದು? ನಮ್ಮ ಮನೆಯಲ್ಲೂ ಈಗ ಕರೆಂಟಿದೆ.

ಹೊತ್ತು ನೆತ್ತಿಗೆ ಬಂತು. ಹಸಿವೆಯಾಯಿತು. ಗಾಳಕ್ಕೆಂದು ತಂದ ಮುದ್ದೆ ಉಳಿದಿತ್ತು. ಮೂವರೂ ಹಂಚಿಕೊಂಡು ಹೊಳೆನೀರಿನಲ್ಲಿ ನುಂಗಿದೆವು. ಗೌರಮ್ಮನವರ ಮುದ್ದೆ ಕೊನೆಗೂ ಉಣ್ಣುವವರಿಗೇ ಸೇರಿತು.

"ಆಗಲೇ ಬಂದಿರ್ತಾರೆ" ಎಂದರು ಗುರುಮಲ್ಲಪ್ಪನವರು. ಸ್ವಲ್ಪ ಹೊತ್ತಿನ ಮೇಲೆ, "ಎಣ್ಣಿನಪ್ಪ ಎಲ್ಲಿ ಅಂತ ಕೇಳ್ತಿರ್ತಾರೆ." ಮತ್ತೆ ಸ್ವಲ್ಪ ಹೊತ್ತಿಗೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇಂದೆ ಬಂದ ಸಂಬಂದ ಒಂದೂ ನಿಲ್ನಿಲ್ಲ ಕಣಯ್ಯಾ. ಊರೋರ ಬಾಯಿಗೆ ನನ್ ಮಗಳು ಬಿದ್ದವ್ಳೆ. ನಾನಿದ್ದೇ ಕುದುರ್ನಿಲ್ಲ. ನಾನಿಲ್ದೆ ಕುದುರ್ತದಾ?"

ಪಳನಿಯೂ ನಾನೂ ನೀರು ನೋಡುತ್ತ ಕೂತೆವು.

ಸಂಜೆಗೆ ನೀರು ಇಳಿಯಿತು. ಕಲ್ಲುಗಳು ಏನೂ ಆಗಿಲ್ಲವೆಂಬಂತೆ ಮೇಲೆದ್ದವು. ಯಳಂದೂರು ಬಸ್ಸು ಹತ್ತುವಾಗ ಗುರುಮಲ್ಲಪ್ಪನವರು ನನ್ನ ತೋಳು ಬಿಡಲಿಲ್ಲ. "ನೀನೂ ಬಾ. ಹೊಳೇಲಿ ಸಿಕ್ಕಾಕ್ಕೊಂಡೋ ಅಂತ ನಾನೇಳುದ್ರೆ ಅವಳು ನಂಬಾಕಿಲ್ಲ."

ಮನೆಯಲ್ಲಿ ಒಬ್ಬಟ್ಟಿನ ಘಮ ಇನ್ನೂ ಆರಿರಲಿಲ್ಲ. ಗೌರಮ್ಮ ಬಾಗಿಲಲ್ಲೇ ನಿಂತಿದ್ದರು. ಬೈಗುಳಕ್ಕೆ ನಾವು ತಲೆ ಬಗ್ಗಿಸಿದೆವು. ಅವರು ಬೈಯಲಿಲ್ಲ.

"ಒಪ್ಕೊಂಡ್ರು" ಎಂದರು.

ನಡೆದದ್ದು ಇಷ್ಟು. ಗಂಡಿನ ತಂದೆ ಬಂದು ಕೂತವರೇ, "ಎಲ್ಲಿ ಬೀಗ್ರು?" ಎಂದರಂತೆ. ದೇವಸ್ಥಾನದ ಕೆಲಸಕ್ಕೆ ಹೋಗಿದ್ದಾರೆ ಎನ್ನಲು ಗೌರಮ್ಮ ಬಾಯಿ ತೆರೆಯುವುದರೊಳಗೆ ಪಾರ್ವತಿ ಹೇಳಿಬಿಟ್ಟಳಂತೆ. "ಮೀನಿಡಿಯೋಕೆ ಓಗವ್ರೆ."

ಶೈವರ ಮನೆಯ ಪಡಸಾಲೆ. ಎದುರಿಗೆ ಶೈವ ಬೀಗರು.

"ತಿಂತಾರಾ?" ಎಂದು ಗಂಡಿನ ತಾಯಿ.

"ಇಲ್ಲ. ಇಡುದ್ಬುಟ್ಟು ಮತ್ತೆ ನೀರ್ಗೇ ಬುಟ್ಬುಡ್ತಾರೆ."

"ಅಂಗಾರೆ ಇಡಿಯಾದ್ಯಾಕವ್ವಾ?"

"ಅದನ್ನೇ ನಮ್ಮವ್ವ ಮದ್ವೆ ಆದಾಗಿಂದ ಕೇಳ್ತಾವ್ಳೆ."

ಮೊದಲು ನಕ್ಕವನು ಹುಡುಗನಂತೆ. ಆಮೇಲೆ ಅವನ ತಾಯಿ. ಆಮೇಲೆ ಎಲ್ಲವನ್ನೂ ಹುಡುಗಿಯನ್ನೇ ಕೇಳಿದರು, ಎಲ್ಲಕ್ಕೂ ಹುಡುಗಿಯೇ ಉತ್ತರ ಹೇಳಿದಳು. "ಇಂತಾ ಮಾತು ಮುಚ್ಚಿಡದೋಳು ನಮ್ಮನೇಲಿ ಏನ ಮುಚ್ಚಿಟ್ಟಾಳು?" ಎಂದು ಗಂಡಿನ ತಾಯಿ ಎದ್ದು ತಾವೇ ಹೂ ಮುಡಿಸಿದರಂತೆ.

ಹಿಂದೊಮ್ಮೆ ಪಾರ್ವತಿಯನ್ನು ನೋಡುವ ಶಾಸ್ತ್ರಕ್ಕೆ ನಾನೂ ಹೋಗಿದ್ದೆ. "ಹಾಡು ಬರುತ್ತಾ ಮಗು?" ಎಂದು ಹುಡುಗಿಯನ್ನು ಕೇಳಿದರೆ, "ಹಾಡು ನಮ್ಮ ವಂಶದಲ್ಲೇ ಅದೆ" ಎಂದು ಗುರುಮಲ್ಲಪ್ಪನವರು ತಮ್ಮ ತಾತನ ಕಥೆ ತೆಗೆದಿದ್ದರು. ತಾತ ಮುಗಿಯುವ ಹೊತ್ತಿಗೆ ಬಂದವರ ಬಸ್ಸಿನ ಹೊತ್ತಾಗಿತ್ತು. ಹುಡುಗಿ ಮೂಗಿಯೇನೋ ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡರಂತೆ. ಪ್ರೀತಿಯಿಂದಲೇ ಮಾಡುತ್ತಿದ್ದರು ಪಾಪ. ಮಕ್ಕಳ ಉತ್ತರವನ್ನು ನಾವೇ ಹೇಳಿ ಮುಗಿಸುವುದು ಎಷ್ಟು ಮನೆಗಳಲ್ಲಿಲ್ಲ?

ಪಾರ್ವತಿ ಈಗ ಕೌದಳ್ಳಿಯಲ್ಲಿ ಸುಖವಾಗಿದ್ದಾಳೆ. ಹೋದ ಭಾನುವಾರ ಅವಳ ತಂಗಿಯನ್ನು ನೋಡಲು ಬರುವವರಿದ್ದರು. ಅಂದು ಬೆಳಿಗ್ಗೆ ಗುರುಮಲ್ಲಪ್ಪನವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಮುಖ ಸಪ್ಪಗೆ.

"ಏನ್ ಯಜಮಾನ್ರೇ ಅದು?"

"ಮುದ್ದೆ. ಗಾಳಕ್ಕೆ."

"ಟವೆಲ್ಲಿನಲ್ಲಿ ಬಚ್ಚಿಟ್ಟುಕೊಂಡು ಬರಲಿಲ್ವೇ?"

"ನಮ್ಮನೆಯವ್ಳೇ ಎದ್ದು ತಿರುವಿ ಕೊಟ್ಟವ್ಳೆ ಕಣಯ್ಯಾ."

ಪೊಟ್ಟಣ ಬಿಚ್ಚಿ ನೋಡಿದೆ. ಸಂಜೆಯವರೆಗೂ ಸಾಕಾಗುವಷ್ಟಿತ್ತು.