ನಿಂತ ರಕ್ತ

೧೯೯೧ರಲ್ಲಿ ನಾನು ರಾಯಬಾಗದ ಬಸ್ ನಿಲ್ದಾಣದ ಹತ್ತಿರ ಕ್ಷೌರದ ಅಂಗಡಿ ನಡೆಸುತ್ತಿದ್ದೆ. ಓದಿದ್ದು ನಾಲ್ಕನೆಯ ಇಯತ್ತೆ. ಗಾಯದ ಬಗ್ಗೆ ಕಲಿತದ್ದೆಲ್ಲ ಕತ್ತಿಯಿಂದಲೇ. ಕೆನ್ನೆ ಕೊಯ್ದರೆ ತುರಟಿ ಕಲ್ಲನ್ನು, ಅಂದರೆ ಪಟಿಕವನ್ನು, ಒದ್ದೆ ಮಾಡಿ ಉಜ್ಜಬೇಕು. ರಕ್ತ ನಿಂತರೆ ಗಿರಾಕಿ ಎದ್ದು ಹೋಗಬಹುದು.

ನನ್ನ ತಮ್ಮ ಮಾರುತಿಗೆ ಹಿಮೋಫಿಲಿಯಾ ಇತ್ತು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಎಂಟು ಎಂಬ ಪ್ರೋಟೀನು ಅವನ ಮೈಯಲ್ಲಿ ತಯಾರಾಗುತ್ತಿರಲಿಲ್ಲ. ಅಂಗಡಿಯಲ್ಲಿ ಕೂದಲು ಗುಡಿಸುತ್ತ, ಗಿರಾಕಿಗಳನ್ನು ನಗಿಸುತ್ತ ಇರುತ್ತಿದ್ದ. ಅವನ ಗಡ್ಡಕ್ಕೆ ನಾನು ಕತ್ತರಿ ಮಾತ್ರ ಆಡಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಅವನ ದವಡೆಯ ಹುಳುಕು ಹಲ್ಲು ಕಿತ್ತುಬಂದು ರಕ್ತ ನಿಲ್ಲದಾಯಿತು. ರೈಲಿನಲ್ಲಿ ಮಿರಜಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ದಾನಿಗಳ ರಕ್ತದಿಂದ ತೆಗೆದ ಆ ಪ್ರೋಟೀನನ್ನು ನರಕ್ಕೆ ಏರಿಸಿದರು. ಮಧ್ಯಾಹ್ನದೊಳಗೆ ರಕ್ತ ನಿಂತಿತು.

“ಇಲ್ಲೇ ಇರ್ರಿ, ಇನ್ನೂ ಕೊಡಬೇಕು,” ಎಂದರು ಡಾಕ್ಟರು. “ಕೊಟ್ಟದ್ದು ಮೈಯಾಗ ಉಳಿಯಂಗಿಲ್ಲ. ಹನ್ನೆರಡು ತಾಸಿನ್ಯಾಗ ಅರ್ಧಾ ಖಾಲಿ ಆಗತೈತಿ. ಉಳದದ್ರಾಗ ಮತ್ತ ಅರ್ಧಾ.”

ಎಲ್ಲರ ಮೈಯೂ ಹೀಗೆಯೇ ಹಳೆಯ ಪ್ರೋಟೀನನ್ನು ತೆಗೆದುಹಾಕುತ್ತದೆ. ಹೆಚ್ಚಾಗಿ ಯಕೃತ್ತು ಅದನ್ನು ಸೆಳೆದು ಕರಗಿಸುತ್ತದೆ. ನಮಗಾದರೆ ಹೊಸದು ಬರುತ್ತದೆ, ಮಾರುತಿಗೆ ಬರುತ್ತಿರಲಿಲ್ಲ. ಡಾಕ್ಟರು ಇದನ್ನು ಬಿಡಿಸಿ ಹೇಳಿದ್ದರು. ತಿಳಿಯಲಿಲ್ಲ ಎನ್ನಲಾರೆ.

ಆದರೆ ಮರುದಿನ ಮುಂಜಾನೆ ಒಂದು ಹಳ್ಳಿಯಲ್ಲಿ ಮದುಮಗನ ಕ್ಷೌರಕ್ಕೆ ಮಾತು ಕೊಟ್ಟಿದ್ದೆ. ತಮ್ಮನ ಬಾಯಿ ತೆರೆಸಿ ನೋಡಿದೆ.

“ನಡಿ, ನಿಂತೈತಿ.”

“ಅಣ್ಣಾ, ಡಾಕ್ಟರು ಇರು ಅಂದಾರಲ್ಲ?”

“ಇಪ್ಪತ್ತ ವರ್ಷ ಆತು ಗಾಯಾ ನೋಡಾಕತ್ತು. ನನಗ ಗೊತ್ತಾಗಂಗಿಲ್ಲೇನು?”

“ನೀ ನೋಡಿದ್ದು ನೀನ ಕೊಯ್ದ ಗಾಯಾ,” ಎಂದು ನಕ್ಕ. ನಕ್ಕು ನನ್ನ ಹಿಂದೆಯೇ ಬಂದ.

ಮರುದಿನ ಮದುವೆಮನೆಯಿಂದ ಮರಳಿದಾಗ ಅವನ ಬಾಯಿಗೆ ಒತ್ತಿದ್ದ ಟವೆಲ್ಲು ಕೆಂಪಾಗಿತ್ತು. ಒಳಗೇ ರಕ್ತ ಇಳಿದು ಕುತ್ತಿಗೆ ಬಾತಿತ್ತು, ಮಾತು ಹೊರಡುತ್ತಿರಲಿಲ್ಲ. ಜೀಪಿನಲ್ಲಿ ಮಿರಜಿಗೆ ಹೊರಟೆವು. ಕಾಗವಾಡ ಮುಟ್ಟುವ ಮೊದಲೇ, ನನ್ನ ತೊಡೆಯ ಮೇಲೆ, ಅವನ ಉಸಿರು ನಿಂತಿತು.

ರಕ್ತ ನಿಂತ ಮಾತ್ರಕ್ಕೆ ಗಾಯ ಮಾಯುವುದಿಲ್ಲ. ಮಾಯುವವರೆಗೆ ಆ ಪ್ರೋಟೀನು ಮೈಯಲ್ಲಿ ಇರಬೇಕಿತ್ತು, ನಾನೂ ಆಸ್ಪತ್ರೆಯಲ್ಲಿ ಇರಬೇಕಿತ್ತು.

ಈಗಲೂ ಯಾರ ಕೆನ್ನೆಗಾದರೂ ಬ್ಲೇಡು ತಾಗಿದರೆ ತುರಟಿ ಹಚ್ಚಿ, ಏಳಲು ಬಿಡದೆ ಕೂರಿಸುತ್ತೇನೆ.

“ಏನ್ ಮಾಮಾ, ಗಡ್ಡಾ ಮಾಡೂದಕ್ಕಿಂತ ಕೂಡಸೂದ ಬಾಳ ಆತು,” ಎಂದು ಹುಡುಗರು ಕಾಡಿಸುತ್ತಾರೆ. “ನಿಂತೈತಲ್ಲ?”

“ಇನ್ನೊಮ್ಮೆ ನೋಡತೀನಿ, ಕೂಡು,” ಎನ್ನುತ್ತೇನೆ.